ಕಾಡುನವಣೆಯ ಡಬ್ಬಿ

ಭಾನುವಾರ ಬೆಳಗ್ಗೆ ಪಂಜರದ ಮೇಲೆ ಹೊದಿಸಿದ್ದ ಹಳೇ ಬೆಡ್‌ಶೀಟು ತೆಗೆದ ದುಂಡೇಶನಿಗೆ ಕೋಲಿನ ಮೇಲೆ ಕಂಡದ್ದು ಹನ್ನೊಂದೇ ಹಕ್ಕಿ. ಹನ್ನೆರಡನೆಯದನ್ನು ಹುಡುಕಲು ಅವನ ಕಣ್ಣು ತೆಗೆದುಕೊಂಡ ಹೊತ್ತಿನಲ್ಲಿ ಗೋವಿಂದರಾಜನಗರದಿಂದ ಕೆಂಗೇರಿಗೆ ನಡೆದುಹೋಗಿ, ಅಲ್ಲೊಂದು ಕಾಫಿ ಕುಡಿದು, ನಡೆದೇ ವಾಪಸ್ಸು ಬರಬಹುದಿತ್ತು. ಬೆಳ್ಳುಳ್ಳಿ ಎಂಬ ಹೆಸರಿನ ಆ ಬಿಳಿ ಹಕ್ಕಿ ಕೆಳಗಿತ್ತು. ತಗಡಿನ ತಳದಲ್ಲಿ, ಹಿಕ್ಕೆಯ ನಡುವೆ, ಮೈಯ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು, ಕಂಬಳಿ ಹೊದ್ದ ಮುದುಕಿಯ ಹಾಗೆ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಅವನು ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಿದ. ಬೇರೆ ದಿನ ಆ ಸದ್ದಿಗೆ ಹನ್ನೆರಡೂ ಸೇರಿ ವಿಧಾನಸೌಧಕ್ಕೆ ಕೇಳಿಸುವ ಹಾಗೆ ಚೀರುತ್ತಿದ್ದವು. ಇವತ್ತು ಮೇಲಿನ ಹನ್ನೊಂದು ಅವನನ್ನು ನೋಡಿದವು, ಕೆಳಗಿನದನ್ನು ನೋಡಿದವು, ಮತ್ತೆ ಅವನನ್ನೇ ನೋಡಿದವು. ಇಪ್ಪತ್ತೆರಡು ಕಣ್ಣು. ಪೊಲೀಸ್ ಸ್ಟೇಷನ್ನಿನಲ್ಲೂ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವನು ಪೊಲೀಸ್ ಸ್ಟೇಷನ್ನಿಗೆ ಹೋಗಿಯೂ ಇರಲಿಲ್ಲ, ಆ ಮಾತು ಬೇರೆ.

ಹಕ್ಕಿಗಳು ಅವನವಲ್ಲ. ಮನೆ ಓನರ್ ಅಕ್ಕಯ್ಯಮ್ಮನವರ ಮೊಮ್ಮಗಳು ಮಾನಸಳವು. ಕೆಳಗೆ ಟೀವಿ ಕೇಳಿಸುವುದಿಲ್ಲ ಎಂದು ಅಕ್ಕಯ್ಯಮ್ಮ ಪಂಜರವನ್ನು ಟೆರೇಸಿಗೆ ಸಾಗಿಸಿದ್ದರು, ಮತ್ತು ಟೆರೇಸಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದದ್ದು ದುಂಡೇಶ ಮತ್ತು ಅವನ ಹೆಂಡತಿ ಶಾಂತವ್ವ. ಬೀದಿಯವರೆಲ್ಲ ಲವ್ ಬರ್ಡ್ಸ್ ಅನ್ನುತ್ತಿದ್ದ ಆ ಪುಟ್ಟ ಗಿಳಿಗಳು ಬಂದ ದಿನ, ಅವಕ್ಕೆ ಹುಲ್ಲಿನ ತೆನೆ ಹಾಕಬಹುದೋ ಎಂದು ಅಕ್ಕಯ್ಯಮ್ಮ ಸುಮ್ಮನೆ ಕೇಳಿದ್ದರು. "ಹುಲ್ಲಿನ ವಿಚಾರ ನಂಗೆ ಬಿಡಿ ಅಮ್ಮಾರೆ" ಅಂದಿದ್ದ ಅವನು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ತನಗೆ ನೂರಾ ಎಂಟು ಜಾತಿ ಹುಲ್ಲು ಗೊತ್ತೆಂದ. ಕಣ್ಣು ಕಟ್ಟಿ ಮೂಗಿಗೆ ಹಿಡಿದರೂ ಯಾವುದು ಅಂತ ಹೇಳುತ್ತೇನೆಂದ. ತಮ್ಮೂರಲ್ಲಿ ದನದ ಡಾಕ್ಟರೇ ತನ್ನನ್ನು ಕೇಳಿ ಔಷಧಿ ಬರೆಯುತ್ತಿದ್ದನೆಂದ. ಗೋವಿಂದರಾಜನಗರ, ವಿಜಯನಗರ, ಮೂಡಲಪಾಳ್ಯ ಮೂರನ್ನೂ ಜರಡಿ ಹಿಡಿದರೂ ಹುಲ್ಲಿನಲ್ಲಿ ಅವನಂಥವನು ಇನ್ನೊಬ್ಬ ಸಿಗುವುದಿಲ್ಲ ಎಂಬುದು ಹೀಗೆ ಮೊದಲು ಅವನ ಬಾಯಿಂದ ಹೊರಟು, ಅಕ್ಕಯ್ಯಮ್ಮನವರ ಕಿವಿಗೆ ಬಿದ್ದು, ಅಲ್ಲಿಂದ ಹಾಲಿನ ಬೂತಿಗೆ ಹೋಗಿ, ತಿಂಗಳೊಪ್ಪತ್ತಿನಲ್ಲಿ ಇಡೀ ಬೀದಿಯ ಸತ್ಯವಾಗಿತ್ತು. ಅಕ್ಕಯ್ಯಮ್ಮನವರ ಮಗ ಸಂಪತ್ ಮಾತ್ರ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ "ಏನ್ ಸೈಂಟಿಸ್ಟೇ, ಇವತ್ತು ಯಾವ್ ಹುಲ್ಲು?" ಎಂದು ನಗುತ್ತಿದ್ದ. ದುಂಡೇಶನೂ ನಗುತ್ತಿದ್ದ. ನಕ್ಕಾದ ಮೇಲೆ ಎರಡು ಮೆಟ್ಟಿಲು ಹತ್ತುವಷ್ಟು ಹೊತ್ತು ಕಿವಿ ಬಿಸಿಯಾಗಿರುತ್ತಿತ್ತು.

ಆದರೆ ಕೆಲಸದಲ್ಲಿ ಒಂದು ಚೂರು ಮೋಸವಿರಲಿಲ್ಲ. ರಾಜಾಜಿನಗರದ ಬೋಲ್ಟ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸ್ಟೋರ್ಸ್ ನೋಡಿಕೊಂಡವನು, ಕಾಲಿಂಚು ಬೋಲ್ಟಿನ ಪೆಟ್ಟಿಗೆಗೆ ಅರ್ಧ ಇಂಚಿನದು ಬಿದ್ದರೆ ನಿದ್ದೆಯಲ್ಲೂ ಗೊತ್ತಾಗುವವನು. ವಾರಕ್ಕೆರಡು ದಿನ ಶಿಫ್ಟ್ ಮುಗಿಸಿ ನಾಗರಬಾವಿ ಆಚೆಯ ಖಾಲಿ ಸೈಟುಗಳಿಗೆ ಹೋಗುತ್ತಿದ್ದ. ರಸ್ತೆ ಪಕ್ಕದ್ದು ಬೇಡ, ಬಸ್ಸಿನ ಹೊಗೆ ಕೂತಿರುತ್ತದೆ. ಮೋರಿ ಪಕ್ಕದ್ದು ಬೇಡವೇ ಬೇಡ. ನಾಯಿ ಕಾಲೆತ್ತುವ ಕಂಬದ ಸುತ್ತ ಮೂರು ಮಾರು ಬೇಡ. ಕಾಂಗ್ರೆಸ್ ಗಿಡದ ಮಗ್ಗುಲಿನದನ್ನು ಮುಟ್ಟಬಾರದು. ಎಲೆ ಒಂದೇ ದಿಕ್ಕಿಗೆ ಹಳದಿಯಾಗಿ ಸುರುಟಿದ್ದರೆ ಯಾರೋ ಔಷಧಿ ಹೊಡೆದಿದ್ದಾರೆ, ಆ ಸೈಟಿಗೆ ಕೈಮುಗಿದು ಹಿಂದೆ ಬರಬೇಕು. ಉಳಿದದ್ದರಲ್ಲಿ ಗರಿಕೆ, ಕಾಡುರಾಗಿ, ಕಾಡುನವಣೆ. ಅದರಲ್ಲೂ ಉಗುರಿನಲ್ಲಿ ಒತ್ತಿದರೆ ಹಾಲು ಬರುವ ತೆನೆ. ಒಮ್ಮೆ ಒಬ್ಬ ಸೈಟ್ ವಾಚ್‌ಮನ್, "ಎಷ್ಟ್ ಹಸು ಕಟ್ಟಿದೀಯಣ್ಣ?" ಎಂದು ಕೇಳಿದ್ದ. ಹಕ್ಕಿಗೆ ಎಂದು ಹೇಳಿದ ಮೇಲೆ ಅವನು ತನ್ನ ಹೆಂಡತಿಯನ್ನೂ ಕರೆದು ತೋರಿಸಿದ್ದ. ತಂದ ತೆನೆಯನ್ನು ದುಂಡೇಶ ಉಪ್ಪುನೀರಿನಲ್ಲಿ ಜಾಲಿಸಿ, ಮತ್ತೆರಡು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿ ಒಣಗಿಸುತ್ತಿದ್ದ. ಸ್ವಲ್ಪ ತೇವ ಉಳಿದರೂ ಬೂಸಲು ಬರುತ್ತದೆ, ಬೂಸಲು ಬಂದರೆ ಹಕ್ಕಿಯ ಎದೆಗಿಳಿಯುತ್ತದೆ. ಗಲಗಲ ಅನ್ನುವಷ್ಟು ಒಣಗಿದ ಮೇಲೆ ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಕಾಳನ್ನು ದೊಡ್ಡದೊಂದು ಬಿಸ್ಕೆಟ್ ಡಬ್ಬಿಗೆ ತುಂಬಿ, ಮೇಲೆ ಸ್ಟೋರ್ಸಿನ ದುಂಡಕ್ಷರದಲ್ಲಿ ಚೀಟಿ ಅಂಟಿಸಿದ್ದ: ಕಾಡುನವಣೆ. ತೊಳೆದು ಒಣಗಿಸಿದ್ದು. ಸೇಫ್. ಮಳೆ ಹಿಡಿದು ಹಸಿರು ತೆನೆ ಸಿಗದ ದಿನಕ್ಕೆ ಇರಲಿ ಎಂದು.

ಆ ದಿನ ನಿನ್ನೆ ಬಂದಿತ್ತು. ಗುರುವಾರ ರಾತ್ರಿ ಅಕ್ಕಯ್ಯಮ್ಮ, ಸಂಪತ್, ಮಾನಸ ಕ್ವಾಲಿಸ್ ಹತ್ತಿ ಕುಕ್ಕೆಗೆ ಹೋಗಿದ್ದರು. ಹೆಗ್ಗನಹಳ್ಳಿಯ ಜಾಗದಲ್ಲಿ ಸಂಪತ್ ಪಾಯ ತೋಡಿಸುವಾಗ ಜೇಸಿಬಿಯ ಹಲ್ಲಿಗೆ ಒಂದು ನಾಗರಹಾವು ಸಿಕ್ಕಿ ಸತ್ತಿತ್ತು. ಅದಕ್ಕೆ ಮನುಷ್ಯರಿಗೆ ಮಾಡುವ ಹಾಗೆಯೇ ಉತ್ತರಕ್ರಿಯೆ ಮಾಡಿ ಸರ್ಪಸಂಸ್ಕಾರ ಮುಗಿಸಿ ಬರುವ ತನಕ ಅಕ್ಕಯ್ಯಮ್ಮ ನೆಮ್ಮದಿಯಾಗಿ ಒಂದು ತುತ್ತು ಉಂಡಿರಲಿಲ್ಲ. ಹೊರಡುವಾಗ ಮಾನಸ ಮೇಲೆ ಬಂದು, ಹತ್ತು ವರ್ಷದ ಹುಡುಗಿ, ಅರವತ್ತರ ಹೆಡ್‌ಮೇಡಮ್ಮಿನ ಹಾಗೆ ಕೈಕಟ್ಟಿ ನಿಂತು, "ಅಂಕಲ್, ಬೆಳ್ಳುಳ್ಳಿಗೆ ಎಲ್ರೂ ತಿಂದ್ಮೇಲೆ ಬೇರೆ ಹಾಕ್ಬೇಕು. ಅದು ಹೆದರುಪುಕ್ಲು" ಎಂದು ಹೇಳಿ ಹೋಗಿದ್ದಳು. ಶುಕ್ರವಾರದಿಂದ ಆಕಾಶ ತೂತಾಗಿತ್ತು. ನಿನ್ನೆ ಸಂಜೆ ಅವನು ಮೊದಲ ಸಲ ಡಬ್ಬಿ ತೆಗೆದು, ಕರೆಂಟಿಲ್ಲದ ಕತ್ತಲಲ್ಲಿ ಎರಡು ಹಿಡಿ ಸುರಿದು, ಬೆಳ್ಳುಳ್ಳಿಗೆ ಹೇಳಿದಂತೆ ಬೇರೆ ಹಾಕಿ, ಡಬ್ಬಿಯನ್ನು ಪಂಜರದ ಪಕ್ಕದ ಗೋಡೆಗೂಡಿನಲ್ಲಿಟ್ಟು ಮಲಗಿದ್ದ.

ಈಗ ಬೆಳಕಿನಲ್ಲಿ ಕಾಳಿನ ಬಟ್ಟಲು ಹೊರತೆಗೆದ. ತಳದಲ್ಲಿ ಬಿಳಿ ಹುಡಿ. ಬೆರಳಿಗೆ ಅಂಟಿತು. ಬೂಸಲಿನ ವಾಸನೆ ಇಲ್ಲ. ಉಜ್ಜಿದರೆ ಟಾಲ್ಕಮ್ ಪೌಡರಿನ ಹಾಗೆ ನುಣ್ಣಗೆ. ಹತ್ತೊಂಬತ್ತು ವರ್ಷದಲ್ಲಿ ಅವನ ಬೆರಳಿಗೆ ಅಂಟದ ಪುಡಿಯಿಲ್ಲ, ಆದರೂ ಬೆರಳು ಗೊತ್ತಿದ್ದದ್ದನ್ನು ತಲೆಗೆ ಹೇಳಲು ಹಿಂಜರಿಯಿತು.

"ಶಾಂತಾ" ಎಂದ. ಕೂಗಬೇಕೆಂದುಕೊಂಡದ್ದು ಪಿಸುಮಾತಾಗಿ ಬಂತು. ಅವಳು ಒಳಗಿನಿಂದ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು.

"ಈ ಡಬ್ಬಿಗೆ ಏನರೆ ಹಾಕೀಯೇನು?"

"ಹಾಂ. ಹೋದ ವಾರ ತಗದು ನೋಡಿದ್ನಿ, ನುಸಿ ಆಗಿದ್ವು. ಎರಡ ಚಮಚಾ ಬೋರಿಕ್ ಪೌಡರ್ ಹಾಕಿ ಕಲಸಿ ಇಟ್ಟೇನಿ. ಜ್ವಾಳಕ್ಕ ಕಲಸ್ತೀನಲ್ಲ, ಹಂಗ."

"ನಂಗ ಹೇಳಬೇಕಿಲ್ಲೇನು?"

"ಅದರಾಗ ಹೇಳೂದೇನೈತ್ರಿ. ಅಕ್ಕಿಗೂ ಹಾಕ್ತೀನಿ, ಅದನ್ನೂ ಹೇಳೂದಿಲ್ಲ." ಆಮೇಲೆ ಅವಳು ಪಂಜರದ ಕಡೆ ನೋಡಿದಳು. ಕೈಯ ಹಿಟ್ಟು ಒಣಗುತ್ತಿತ್ತು. "ತೊಳದ ಹಾಕ್ತಾರ ಅನ್ಕೊಂಡಿದ್ನಿ" ಅಂದಳು.

ತೊಳೆದು ಹಾಕುತ್ತಾರೆ. ಯಾರು ತಾನೇ ತೊಳೆಯುವುದಿಲ್ಲ. ಎರಡು ನೀರಿನಲ್ಲಿ ತೊಳೆಯದೆ ಅಕ್ಕಿಯನ್ನು ಒಲೆಗಿಟ್ಟ ಹೆಂಗಸು ಅವರ ಏಳು ತಲೆಮಾರಿನಲ್ಲಿರಲಿಲ್ಲ. ಕಾಳು ಅಂದರೆ ಪೌಡರು, ಪೌಡರು ಅಂದರೆ ತೊಳೆಯುವುದು. ಇದು ಉಸಿರಾಡಿದ ಹಾಗೆ, ಹೇಳಿಕೊಡುವಂಥದ್ದೇ ಅಲ್ಲ. ಆದರೆ ಮೊದಲೇ ತೊಳೆದಾಗಿದೆ ಎಂದು ಡಬ್ಬಿಯ ಮೇಲೆ ದುಂಡಗೆ ಬರೆದಿತ್ತು, ಶಾಂತವ್ವನಿಗೆ ಓದಲು ಬರುತ್ತಿರಲಿಲ್ಲ, ಮತ್ತು ತನ್ನ ಅಕ್ಷರ ಎಷ್ಟು ಚೆಂದ ಎಂದು ಅವಳಿಗೆ ನಾಲ್ಕು ಸಲ ತೋರಿಸಿದವನು ಏನು ಬರೆದಿದೆ ಎಂದು ಒಂದು ಸಲವೂ ಓದಿ ಹೇಳಿರಲಿಲ್ಲ. ಸಿಟ್ಟು ಬರಲಿ ಎಂದು ಅವನು ಕಾದ. ಬರಲಿಲ್ಲ. ಬಂದದ್ದು ಹಳೆಯದೊಂದು ಹೆದರಿಕೆ, ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಬಂದು ಹೋದದ್ದು, ಹೋಯಿತೆಂದು ಅವನು ತಿಳಿದಿದ್ದದ್ದು.

ಬಟ್ಟಲುಗಳನ್ನು ಬರಿದು ಮಾಡಿದ. ಮೂರು ಸಲ ತೊಳೆದ, ನಾಲ್ಕನೇ ಸಲವೂ ತೊಳೆದ. ಹೊಸ ನೀರಿಟ್ಟ. ಕೈಹಾಕಿ ಬೆಳ್ಳುಳ್ಳಿಯನ್ನು ಎತ್ತಿಕೊಂಡ. ಒಂದು ಬೋಲ್ಟಿನಷ್ಟೂ ತೂಕವಿರಲಿಲ್ಲ. ಒಳಗೆ ಎದೆ ಮಾತ್ರ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಅವರ ಆಕಳು ಚಿಗರಿಯ ಹೊಟ್ಟೆಯೂ ಹೀಗೇ ಬಡಿದುಕೊಳ್ಳುತ್ತಿತ್ತು, ಅವನೂರು ನವಲಗುಂದದ ಆ ಕರಿಮಣ್ಣಿನ ಹೊಲದಲ್ಲಿ, ಬಿಸಿಲಿಳಿಯುವ ಹೊತ್ತು. ಅವನು ಅದರ ಮೇಲೆ ಕೈಯಿಟ್ಟು ಕೂತಿದ್ದ. ಚಿಗರಿ ಇಡೀ ತಾಲೂಕಿಗೆ ಹಾಲು ಕೊಡುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಅದನ್ನು ಮೇಯಿಸಲು ಬಿಟ್ಟು ಅವನು ಬದುವಿನ ಮೇಲೆ ಗೋಲಿ ಆಡುತ್ತಿದ್ದ. ಪಕ್ಕದ ಹೊಲದಲ್ಲಿ ಕೂಳೆ ಜೋಳ ನಿಂತಿತ್ತು; ಕೊಯ್ದ ಬುಡದಿಂದ ಮತ್ತೆ ಚಿಗುರಿ, ನೀರಿಲ್ಲದೆ ಮೊಳಕಾಲೆತ್ತರಕ್ಕೇ ನಿಂತ ಹಸಿರು. ದನ ಅದಕ್ಕೆ ಬಾಯಿ ಹಾಕಿದರೆ ವಿಷ ಎಂದು ಆ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಚಿಗರಿ ಆ ಹೊಲಕ್ಕೆ ಇಳಿದದ್ದನ್ನು ನೋಡಿಯೂ ಇದ್ದ. ಇನ್ನೊಂದು ಆಟ, ಇನ್ನೊಂದೇ ಆಟ. ತಲೆಯೆತ್ತಿದಾಗ ಆಕಳು ಮೊಣಕಾಲೂರಿ ಕೂತಿತ್ತು, ನಮಸ್ಕಾರ ಮಾಡುವ ಹಾಗೆ. ಅಪ್ಪ ಈರಪ್ಪ ಓಡಿ ಬಂದು, ಏನಾತೋ, ಏನಾತೋ ಅಂತ ಕೇಳಿದ. ಹನ್ನೊಂದು ವರ್ಷದ ಬಾಯಿ ತಾನಾಗಿ ತೆರೆದುಕೊಂಡಿತು. "ಹಾವು" ಎಂದಿತು. ಅಷ್ಟೇ, ಒಂದೇ ಮಾತು.

ಹಕ್ಕಿ ಅಂಗೈಯಲ್ಲಿ ಒಮ್ಮೆ ಕೊಕ್ಕು ತೆರೆದು ಮುಚ್ಚಿತು. ಒಂದೇ ಮಾತು ಎಷ್ಟು ದೂರ ನಡೆಯುತ್ತದೆ ಎಂಬುದನ್ನು ದುಂಡೇಶನಷ್ಟು ಚೆನ್ನಾಗಿ ಈ ಭೂಮಂಡಲದಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಚಿಗರಿ ಸತ್ತ ಮೇಲೆ ಅಪ್ಪ ಬಡಿಗೆ ತಗೊಂಡು ಬದುವಿನ ಬಿಲಗಳನ್ನೆಲ್ಲ ಅಗೆದ. ಮೂರನೇ ಬಿಲದಲ್ಲಿ ಒಂದು ಹಾವು ಸಿಕ್ಕೇ ಸಿಕ್ಕಿತು. ಯಾವುದೋ ಕೇರೆ ಹಾವು, ಯಾರಿಗೂ ಏನೂ ಮಾಡದ್ದು, ಇಲಿ ತಿಂದು ಮಲಗಿದ್ದದ್ದು. ಅಪ್ಪ ಅದನ್ನು ಹೊಡೆದ. ಹೊಡೆದ ರಾತ್ರಿಯಿಂದ ಅಪ್ಪನಿಗೆ ಜ್ವರ. ಹಾವಿನ ದೋಷ ಎಂದರು. ಆ ಬದುವಿನ ಮೇಲೆ ನಾಗಪ್ಪನ ಕಲ್ಲು ನಿಂತಿತು, ಕಲ್ಲಿಗೆ ಅರಿಶಿನ ಬಂತು, ಪಂಚಮಿಗೆ ಹಾಲು ಬಂತು, ಪಕ್ಕದೂರಿನ ಹೆಂಗಸರು ಬಂದರು, ಹರಕೆ ಹೊತ್ತವರಿಗೆ ಮಕ್ಕಳೂ ಆದವು. ಮೂವತ್ತಮೂರು ವರ್ಷ. ಅವನ ಮದುವೆಯಾದ ಹೊಸದರಲ್ಲಿ ಶಾಂತವ್ವನೂ ಆ ಕಲ್ಲಿಗೆ ಹಾಲೆರೆದಳು. ಅವನು ಪಕ್ಕದಲ್ಲಿ ನಿಂತು ತೆಂಗಿನಕಾಯಿ ಒಡೆದ. ಚಿಗರಿ ಸತ್ತ ಸಂಜೆಯ ಮಾರನೇ ದಿನದಿಂದಲೇ ಅವನು ದನಗಾಹಿ ಮುದುಕರ ಬೆನ್ನು ಹತ್ತಿದ್ದ: ಇದು ತಿಂದರ ಏನಾಗತೈತಿ, ಇದು ತಿಂದರ? ಅದು. ಅವನ ನೂರಾ ಎಂಟು ಹುಲ್ಲಿನ ವಿದ್ಯೆ ಅದು. ಬೀದಿಯವರು ಅದನ್ನು ಪ್ರೀತಿ ಎಂದು ತಿಳಿದಿದ್ದರು.

ಹಕ್ಕಿಯ ಜೀವದ ಬಗ್ಗೆ ಅವನಿಗೆ ಹೆದರಿಕೆ ಇತ್ತು. ಮಾನಸಳ ಮುಖ ನೆನೆದರೂ ಹೆದರಿಕೆಯಾಗುತ್ತಿತ್ತು. ಆದರೆ ಎಲ್ಲಕ್ಕಿಂತ ಅವನು ಹೆದರಿದ್ದು ತನ್ನ ಬಾಯಿಗೆ. ಮಧ್ಯಾಹ್ನ ಅವರು ಬಂದು ಏನಾಯ್ತು ಅಂತ ಕೇಳುತ್ತಾರೆ. ಆಗ ಇದು ತೆರೆದುಕೊಳ್ಳುತ್ತದೆ. ಏನನ್ನುತ್ತದೆಯೋ. ಬೆಕ್ಕು ಅನ್ನಬಹುದು, ಸಿಡಿಲು ಅನ್ನಬಹುದು. ಈಗಾಗಲೇ ಒಳಗೆ ಬೆಕ್ಕೊಂದು ತಯಾರಾಗುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ಕಂದುಬಣ್ಣದ್ದು, ಎದುರು ಮನೆಯ ಕಾಂಪೌಂಡಿನಿಂದ ಹಾರಿದ್ದು, ಬಾಲದ ತುದಿ ಬಿಳಿ.

ಮೊಬೈಲು ಹೊಡೆದುಕೊಂಡಿತು. ಸಂಪತ್‌ನ ನಂಬರು. ಎತ್ತಿದರೆ ಮಾನಸ. "ಅಂಕಲ್, ಹಾಸನ ಯಾವಾಗ್ಲೋ ಬಿಟ್ವಿ, ಇನ್ನೆರಡು ಗಂಟೇಲಿ ಮನೆ. ಅಜ್ಜಿ ಇಡ್ಲಿ ತಿಂತಿದಾರೆ. ಬೆಳ್ಳುಳ್ಳಿ ಏನ್ ಮಾಡ್ತಿದೆ?"

"ಆಡ್ತಾ ಇದೆ ಪುಟ್ಟಿ."

"ಅದು ಆಡಲ್ಲ. ಕೂತಿರತ್ತೆ."

"ಹಾಂ, ಕೂತಿದೆ. ಕೂತ್ಕೊಂಡೇ ಆಡ್ತಾ ಇದೆ." ಬಾಯಿ ಶುರುಮಾಡಿತ್ತು.

 "ಸರಿ ಅಂಕಲ್" ಎಂದು ಮಾನಸ ಫೋನಿಟ್ಟಳು. ಬೆಳ್ಳುಳ್ಳಿಯನ್ನು ಹಳೇ ಟವೆಲಿನ ಮೇಲಿಟ್ಟು, ನೋಡ್ಕೋ ಎಂದು ಶಾಂತವ್ವನಿಗೆ ಹೇಳಿ, ಚಪ್ಪಲಿ ಮೆಟ್ಟಿದ. ವಿಜಯನಗರ ಮಾರ್ಕೆಟ್ಟಿನ ಹಿಂದೆ ಲಕ್ಷ್ಮೀಪತಿಯ ಹಕ್ಕಿ ಅಂಗಡಿ ಹತ್ತು ಗಂಟೆಗೆ ತೆರೆಯುತ್ತದೆ. ಒಂಬತ್ತೂಕಾಲಿಗೇ ಹೊರಟ. ಎಂದೂ ಇಲ್ಲದ ಬಿಸಿಲು ಬಿದ್ದಿತ್ತು. ಎರಡು ದಿನದ ಮಳೆಗೆ ಬೆಂಗಳೂರಿನ ಹುಲ್ಲೆಲ್ಲ ಒಂದೇ ಸಲ ಎದ್ದು ನಿಂತಿತ್ತು: ಫುಟ್‌ಪಾತಿನ ಕಲ್ಲಿನ ಸಂದಿಯಲ್ಲಿ, ಟ್ರಾನ್ಸ್‌ಫಾರ್ಮರಿನ ಬೇಲಿಯಲ್ಲಿ, ನಿಲ್ಲಿಸಿಟ್ಟ ಲಾರಿಯ ಚಕ್ರದ ಕೆಳಗೆ. ಬೇರೆ ದಿನವಾದರೆ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುತ್ತ ಹೋಗುತ್ತಿದ್ದ. ಇವತ್ತು ಅವು ಅವನನ್ನು ಗುರುತು ಹಿಡಿದು ತಲೆಯಾಡಿಸುತ್ತಿದ್ದವು. ಹಾಲಿನ ಬೂತಿನವನು "ಏನ್ ದುಂಡೇಶಣ್ಣ, ಹುಲ್ಲಿಗಾ?" ಅಂದ. ಅಲ್ಲ ಎನ್ನಲು ಹೋಗಿ ಹೌದು ಎಂದ. ಬೆವರುತ್ತಿತ್ತು. ಒಂದು ಹಕ್ಕಿಗೆ, ಹೆಂಡತಿಯ ಎರಡು ಚಮಚಕ್ಕೆ, ನಲವತ್ತನಾಲ್ಕು ವರ್ಷದ ಗಂಡಸು ಹೀಗೆ ಬೆವರುತ್ತಾನೆಯೇ ಎಂದು ತನ್ನನ್ನೇ ಗದರಿಸಿಕೊಂಡ. ಬೆವರು ಆ ಮಾತನ್ನು ಕೇಳಲಿಲ್ಲ.

ಲಕ್ಷ್ಮೀಪತಿ ಷಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ಹಿಂದೆ ನೂರು ಹಕ್ಕಿ ಕೂಗುತ್ತಿದ್ದವು. ದುಂಡೇಶ ಹೇಳಿದ್ದನ್ನು ದೇವರ ಫೋಟೋಗೆ ಬತ್ತಿ ಸುತ್ತುತ್ತಲೇ ಕೇಳಿಸಿಕೊಂಡ.

"ಬೋರಿಕ್ಕಾ. ಎಷ್ಟ್ ತಿಂದಿರ್ಬೋದು?"

"ಗೊತ್ತಿಲ್ಲ. ಕತ್ತಲಿತ್ತು."

"ಅವು ಸಿಪ್ಪೆ ಬಿಡ್ಸಿ ತಿನ್ನೋದು ಸಾರ್. ಪುಡಿ ಅರ್ಧಕ್ಕರ್ಧ ಸಿಪ್ಪೆ ಜೊತೆ ಕೆಳಗ್ ಹೋಗಿರತ್ತೆ. ನೀರ್ ಕೊಡಿ, ಬೆಚ್ಚಗಿಡಿ. ಸಂಜೆವರೆಗೂ ಇದ್ರೆ ಇತ್ತು." ಆಮೇಲೆ ಅವನ ಮುಖ ನೋಡಿದ. "ಯಾರ್ ಹಕ್ಕಿ? ನಿಮ್ದೇನಾ?"

"ಓನರ್ ಮೊಮ್ಮಗಳದು."

"ಅದಾ ವಿಷ್ಯ." ಲಕ್ಷ್ಮೀಪತಿ ಪಕ್ಕದ ಗೂಡಿನತ್ತ ಗದ್ದ ತೋರಿಸಿದ. "ಯಾವ್ ಬಣ್ಣ? ಬಿಳೀದಾ? ಅಗೋ ನೋಡಿ, ಒಂದಿದೆ. ಇಪ್ಪತ್ತ್ ವರ್ಷದ ಅಂಗಡಿ ಸಾರ್, ಎಷ್ಟೋ ಅಪ್ಪಂದಿರು ಬಂದಿದಾರೆ, ಮಕ್ಳು ಸ್ಕೂಲಿಂದ ಬರೋದ್ರೊಳಗೆ. ಒಂದ್ ಮಗೂಗೂ ಗೊತ್ತಾಗಿಲ್ಲ. ಬೆಕ್ಕು, ಗಿಕ್ಕು ಅಂತ ಕಥೆ ಹೇಳೋದೂ ಬೇಡ. ಏನೂ ಹೇಳೋದೇ ಬೇಡ."

ಏನೂ ಹೇಳುವುದೇ ಬೇಡ. ಆ ಮಾತು ಅವನ ಕಿವಿಗೆ ಬೇಸಿಗೆಯ ಮಣ್ಣಿಗೆ ನೀರು ಬಿದ್ದ ಹಾಗೆ ಬಿತ್ತು. ಚಿಗರಿಯಂಥ ಆಕಳು ಅವತ್ತು ಸಂತೆಯಲ್ಲಿ ಸಿಕ್ಕಿದ್ದರೆ. ಕತ್ತಲಾಗುವ ಮೊದಲು ಕೊಟ್ಟಿಗೆಯಲ್ಲಿ ಕಟ್ಟಿಬಿಟ್ಟಿದ್ದರೆ. ಹಾವು ಬದುಕಿರುತ್ತಿತ್ತು, ಕಲ್ಲು ಬರೀ ಕಲ್ಲಾಗಿರುತ್ತಿತ್ತು. ಹಕ್ಕಿಯನ್ನು ತೂತು ಮಾಡಿದ ಕಾಗದದ ಚೀಲದಲ್ಲಿ ಹಾಕಿಸಿಕೊಂಡ. ಚೀಲ ಕೈಯಲ್ಲಿ ಕರಕರ ಎಂದು ಒದೆಯುತ್ತಿತ್ತು. ಅದರ ಸದ್ದು ಯಾರಿಗೂ ಕೇಳಿಸದಿರಲಿ ಎಂದು ದಾರಿಯುದ್ದಕ್ಕೂ ಕೆಮ್ಮುತ್ತ ಬಂದ; ಮಾರ್ಕೆಟ್ಟಿನಿಂದ ಮನೆಯವರೆಗೆ ಕೆಮ್ಮಿದ ಕೆಮ್ಮಿಗೆ ಯಾವ ಆಸ್ಪತ್ರೆಯವರಾದರೂ ಅವನನ್ನು ಹಿಡಿದು ಮಲಗಿಸುತ್ತಿದ್ದರು.

ಟೆರೇಸು ಹತ್ತಿದಾಗ ಟವೆಲು ಖಾಲಿಯಿತ್ತು.

ಆ ಖಾಲಿ ಟವೆಲನ್ನು ನೋಡುತ್ತ ಅವನು ನಿಂತ. ಹುಡಿಯ ಒಂದು ಗೀರು, ಒಂದು ಬಿಳಿ ಪುಕ್ಕ. ಶಾಂತವ್ವ ಹೂಳಿಬಿಟ್ಟಿದ್ದಾಳೆ ಅಂದುಕೊಂಡ. ತುಳಸಿಯ ಕುಂಡದ ಮಣ್ಣು ಹಸಿಯಾಗಿತ್ತು, ಅಲ್ಲಿ. ಮಳೆಗೆ ಎಲ್ಲ ಕುಂಡದ ಮಣ್ಣೂ ಹಸಿಯಾಗಿದೆ ಎಂಬುದು ತಲೆಗೆ ಹೊಳೆಯಲಿಲ್ಲ. ಬೆನ್ನ ಹಿಂದೆ ಅವಳ ದನಿ ಬಂತು: "ಅಲ್ಲಿ ನೋಡ್ರಿ, ನೀರ ಕುಡ್ಯಾಕತ್ತೈತಿ. ಎರಡ ಸರ್ತಿ ಕುಡೀತು. ನಾನ ಒಳಗ ಬಿಟ್ಟೆ." ಬೆಳ್ಳುಳ್ಳಿ ನೀರಿನ ಬಟ್ಟಲಿನ ಅಂಚಿನಲ್ಲಿ ಕೂತಿತ್ತು. ಪುಕ್ಕ ಇನ್ನೂ ಕೆದರಿಯೇ ಇತ್ತು, ಆದರೆ ಕಣ್ಣು ತೆರೆದಿತ್ತು. "ಕೈಯಾಗೇನದು?" ಎಂದಳು ಶಾಂತವ್ವ. ಅವನು ಹೇಳುವ ಮೊದಲೇ ಕೆಳಗೆ ಕ್ವಾಲಿಸ್ಸಿನ ಬಾಗಿಲು ನಾಲ್ಕು ಸಲ ಹೊಡೆದುಕೊಂಡಿತು, ಪುಟ್ಟ ಕಾಲಿನ ಸದ್ದು ಮೆಟ್ಟಿಲಿಗೆ ಬಿತ್ತು. ಅಡಗಿಸಲು ಜಾಗವಿರಲಿಲ್ಲ. ಚೀಲವನ್ನು ಶೀಟಿನ ಮನೆಯೊಳಗೆ ಎಸೆಯಬಹುದಿತ್ತು, ಬೆನ್ನ ಹಿಂದೆ ಹಿಡಿಯಬಹುದಿತ್ತು. ಕೈ ಅದನ್ನೆಲ್ಲ ಬಿಟ್ಟು ಪಂಜರದ ಬಾಗಿಲು ತೆಗೆದು, ಚೀಲದ ಬಾಯಿ ಹಿಡಿದು ಕೊಡವಿತು. ಒಂದು ಗಳಿಗೆ ಹದಿಮೂರು ಹಕ್ಕಿಗಳ ಎಬಡತಬಡ. ಎಲ್ಲ ಕೂತಾಗ ಎರಡು ಬಿಳಿ. ಯಾವುದು ಸಾಯಲು ಹೊರಟಿದ್ದದ್ದು, ಯಾವುದು ಅಂಗಡಿಯಿಂದ ಬಂದದ್ದು ಎಂದು ಅವನಿಗೇ ತಿಳಿಯಲಿಲ್ಲ. ನೂರಾ ಎಂಟು ಹುಲ್ಲು ಬಲ್ಲವನು ವರ್ಷದಿಂದ ದಿನವೂ ನೋಡಿದ ಹಕ್ಕಿಯ ಮುಖವನ್ನೇ ನೋಡಿರಲಿಲ್ಲ.

ಮಾನಸ ತಲೆಯಲ್ಲಿ ಕುಂಕುಮದ ಪುಡಿ, ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಪಂಜರದ ಮುಂದೆ ಕೂತಳು. ಹಿಂದೆಯೇ ಏದುಸಿರು ಬಿಡುತ್ತ ಅಕ್ಕಯ್ಯಮ್ಮ, ಅವರ ಹಿಂದೆ ಕಾರಿನ ಕೀಲಿ ತಿರುಗಿಸುತ್ತ ಸಂಪತ್.

"ಹದಿಮೂರಿದೆ" ಅಂದಳು ಮಾನಸ.

ಪಂಜರದ ಸರಳಿನ ಸಂದಿಗೆ ಬೆರಳು ತೂರಿಸಿ ಮತ್ತೊಮ್ಮೆ ಎಣಿಸಿದಳು.

"ಇದು ಬೆಳ್ಳುಳ್ಳಿ. ಎಡಗಾಲಲ್ಲಿ ಒಂದ್ ಉಗುರಿಲ್ಲ. ಇದ್ಯಾವ್ದು?"

ಅವನ ಕಣ್ಣ ಮುಂದೆ ಅಪ್ಪ ಈರಪ್ಪ ಬದುವಿನ ಮೇಲೆ ಓಡಿ ಬರುತ್ತಿದ್ದ, ಧೋತರದ ಚುಂಗು ಹಾರುತ್ತಿತ್ತು. ದುಂಡೇಶನ ಬಾಯಿ ತೆರೆಯಿತು. ಅದಕ್ಕೂ ಮೊದಲು ಅಕ್ಕಯ್ಯಮ್ಮನೇ ಕೆನ್ನೆ ಬಡಿದುಕೊಂಡರು. "ತಾನಾಗೇ ಬಂತಾ ದುಂಡೇಶ? ನೋಡ್ದೇನೋ ಸಂಪತ್ತು, ಅಲ್ಲಿ ಕರ್ಮ ಕಳೀತು, ಇಲ್ಲಿ ಜೀವ ಬಂದದೆ. ಬಿಳೀದೇ ಬಂದದೆ. ಸುಬ್ರಮಣ್ಯಸ್ವಾಮೀನೇ ಕಳ್ಸವ್ನೆ." ಸಂಪತ್ ಕೂಡ ನಗಲಿಲ್ಲ. ಕೀಲಿ ತಿರುಗಿಸುವುದನ್ನು ನಿಲ್ಲಿಸಿದ್ದ. ಜೇಸಿಬಿಯ ಹಲ್ಲಿನಲ್ಲಿ ತುಂಡಾದದ್ದನ್ನು ಕಣ್ಣಾರೆ ಕಂಡವನು. ಎರಡು ತಿಂಗಳಿಂದ ಅವನೂ ಸರಿಯಾಗಿ ಮಲಗಿರಲಿಲ್ಲ ಎಂಬುದು ಈಗ ಅವನ ಮುಖದಲ್ಲಿ ಕಂಡಿತು. "ಹೌದಾ ಸೈಂಟಿಸ್ಟೇ? ತಾನೇ ಬಂತಾ?" ಅಂದ, ಮೆಲ್ಲಗೆ, ಹೌದು ಅನ್ನಲಿ ಎಂದು ಬೇಡುವವನ ಹಾಗೆ.

ದುಂಡೇಶ ಏನೂ ಅನ್ನಬೇಕಿರಲಿಲ್ಲ. ಕತ್ತು ಒಂದಿಷ್ಟು ಕೆಳಗಾದರೆ ಸಾಕಿತ್ತು. ಆಯಿತು. ತಾನು ಮಾಡಿದ್ದೋ, ತನ್ನಷ್ಟಕ್ಕೆ ಆದದ್ದೋ ಗೊತ್ತಾಗಲಿಲ್ಲ. ಅಕ್ಕಯ್ಯಮ್ಮ ಪಂಜರಕ್ಕೆ ಕೈಮುಗಿದರು. ನಾಳೆ ಇಲ್ಲಿ ಅರಿಶಿನ ಬೀಳುತ್ತದೆ ಎಂದು ಅವನಿಗೆ ಕಂಡಿತು. ನಾಡಿದ್ದು ತೆಂಗಿನಕಾಯಿ. ಹಾಲಿನ ಬೂತಿನವನು ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ. ಶಾಂತವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನ ಕೈಯಲ್ಲಿದ್ದ ಖಾಲಿ ಚೀಲವನ್ನೂ, ಅವನ ಕತ್ತನ್ನೂ ನೋಡುತ್ತಿದ್ದಳು. ಊರಿನ ಕಲ್ಲಿಗೆ ತಾನೆರೆದ ಹಾಲು ಅವಳ ನೆನಪಿನಲ್ಲಿತ್ತೋ ಇಲ್ಲವೋ. ಅವಳಿಗೆ ಆ ಕಥೆ ಹಾವಿನ ಕಥೆಯಾಗಿಯೇ ಗೊತ್ತು.

"ಹಂಗಾದ್ರೆ ಇದಕ್ಕೆ ಹಸಿವಾಗಿರತ್ತೆ" ಅಂದಳು ಮಾನಸ. ಗೋಡೆಗೂಡಿನಿಂದ ಡಬ್ಬಿ ತೆಗೆದುಕೊಂಡಳು. ಗಡಿಬಿಡಿಯಲ್ಲಿ ಅವನು ಅಲ್ಲೇ ಬಿಟ್ಟು ಹೋಗಿದ್ದದ್ದು. ಮುಚ್ಚಳ ತೆಗೆಯುವ ಮೊದಲು, ಶಿಸ್ತಿನ ಹುಡುಗಿ, ಚೀಟಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಕಾಡುನವಣೆ. ತೊಳೆದು ಒಣಗಿಸಿದ್ದು. ಸೇಫ್." ಆಮೇಲೆ ಒಂದು ಹಿಡಿ ತುಂಬಿ ಪಂಜರದ ಬಾಗಿಲಿಗೆ ಕೈ ಹಾಕಿದಳು. ಹದಿಮೂರು ಹಕ್ಕಿಗಳೂ ಒಮ್ಮೆಗೇ ಚೀರುತ್ತ ಆ ಪುಟ್ಟ ಕೈಯ ಕಡೆ ಸರಿದವು. ಕೂಳೆ ಜೋಳದ ಹಸಿರಿಗೆ ಚಿಗರಿ ಕಾಲಿಟ್ಟಿತ್ತು. ಗೋಲಿ ಬೆರಳ ತುದಿಯಲ್ಲಿತ್ತು. ಇನ್ನೊಂದೇ ಆಟ.

"ಬ್ಯಾಡವ್ವಾ" ಎಂಬುದು ಅವನ ಬಾಯಿಂದ ಬಂತು, ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ತಿದ್ದಿಕೊಂಡ ನಾಲಿಗೆಯಿಂದಲ್ಲ, ಅದರ ಕೆಳಗಿನದರಿಂದ. ಅವಳ ಮಣಿಕಟ್ಟು ಹಿಡಿದಿದ್ದ. ಕಾಳು ಟೆರೇಸಿನ ತುಂಬ ಚೆಲ್ಲಿತು, ಬಿಸಿಲಿಗೆ ಬಿಳಿಯ ಹುಡಿ ಎದ್ದಿತು. "ಬ್ಯಾಡ. ಅದರಾಗ ಇಷಾ ಐತಿ. ಡಬ್ಬಿ ಮ್ಯಾಲೆ ಬರದದ್ದು ಸುಳ್ಳ. ಹಕ್ಕಿ ತಾನಾಗಿ ಬಂದಿಲ್ಲ, ನಾನ ಅಂಗಡಿಯಿಂದ ತಂದೀನಿ. ಬೆಳ್ಳುಳ್ಳಿ ಸಾಯತೈತಿ ಅಂತ ತಂದೆ. ಹಾವು ಕಡದಿದ್ದಿಲ್ಲ. ಯಾವ ಹಾವೂ ಕಡದಿದ್ದಿಲ್ಲ."

 ಅಕ್ಕಯ್ಯಮ್ಮ ಸೀರೆಯ ಅಂಚು ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಪಂಜರದ ಕೆಳಗೆ ನೋಡಿದರು, ಕುಂಡಗಳ ಸಂದಿಯಲ್ಲಿ ನೋಡಿದರು. 

"ಯಾವ ಹಾವಪ್ಪ?" ಅಂದರು ಅಕ್ಕಯ್ಯಮ್ಮ. "ಈಗ್ ತಾನೇ ಎಲ್ಲಾ ಮುಗ್ಸ್ಕಂಡು ಬಂದ್ವಲ್ಲ."

ದುಂಡೇಶ ಚೆಲ್ಲಿದ ಕಾಳಿನ ನಡುವೆ ಕೂತುಬಿಟ್ಟಿದ್ದ. ಮಾನಸಳ ಅಂಗೈಯನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತಿದ್ದ, ಒಂದೊಂದೇ ಬೆರಳು.

"ಅದಲ್ಲ ಅಮ್ಮಾರೆ. ನಂದು ಬ್ಯಾರೆ" ಅಂದ.

ಬಾಗಿಲಲ್ಲಿ ಶಾಂತವ್ವ ಚೌಕಟ್ಟು ಬಿಟ್ಟು ಹೊರಗೆ ಬಂದಳು.